ಕೌಂಟರ್‌ನಲ್ಲಿ ಕೇಳಬಾರದ ಹಣವನ್ನು ಫೋನಿನಲ್ಲಿ ಕೇಳಬಹುದೇ?

‘ಕೆನಡಾದಲ್ಲಿ ಡಾಕ್ಟರಿಗೆ ದುಡ್ಡು ಕೊಡಬೇಕಿಲ್ಲ.’ ಊರಿನಲ್ಲಿರುವ ಅಪ್ಪ–ಅಮ್ಮನಿಗೆ ನಾವು ಹೇಳುವ ಸಮಾಧಾನದ ಮಾತುಗಳಲ್ಲಿ ಇದೂ ಒಂದು. ಮಾತು ಸುಳ್ಳೇನಲ್ಲ. 1984ರ ಕೆನಡಾ ಆರೋಗ್ಯ ಕಾಯ್ದೆಯ ಪ್ರಕಾರ, ಅಗತ್ಯವಿರುವ ವೈದ್ಯರ ಸೇವೆಗೆ ವಿಮೆಯುಳ್ಳ ರೋಗಿಯಿಂದ ಹೆಚ್ಚುವರಿ ಹಣ ವಸೂಲಿ ಮಾಡುವಂತಿಲ್ಲ. ವಸೂಲಿಗೆ ಅವಕಾಶ ಕೊಟ್ಟ ಪ್ರಾಂತ್ಯಕ್ಕೆ ಕೇಂದ್ರದ ಅನುದಾನದಲ್ಲಿ ಅಷ್ಟೇ ಮೊತ್ತ ಕಡಿತವಾಗುತ್ತದೆ. ರೋಗಿಗಳು ಸ್ಕ್ಯಾನ್‌ನಂತಹ ಪರೀಕ್ಷೆಗಳೂ ಸೇರಿದಂತೆ ಅಗತ್ಯ ಸೇವೆಗಳಿಗೆ ಹಣ ತೆತ್ತಿದ್ದಕ್ಕಾಗಿ 2023ರ ಮಾರ್ಚ್‌ನಲ್ಲಿ ಪ್ರಾಂತ್ಯಗಳಿಂದ 8.2 ಕೋಟಿ ಡಾಲರ್‌ಗೂ ಹೆಚ್ಚು ಕಡಿತ ಮಾಡಲಾಗಿತ್ತು.

ಆದರೆ ಅದೇ ಸಲಹೆ ಮೊಬೈಲ್ ಮೂಲಕ ಬಂದರೆ ಲೆಕ್ಕ ಬದಲಾಗುತ್ತದೆ. ಕೆಲವು ಆ್ಯಪ್‌ಗಳು ಒಂದು ಕರೆಗೆ ಇಷ್ಟು ಎಂದು ಕೇಳಿದರೆ, ಇನ್ನು ಕೆಲವು ತಿಂಗಳ ಚಂದಾ ಕೇಳುತ್ತವೆ. ಇದು ಹೇಗೆ ಸಾಧ್ಯ? ಕಾಯ್ದೆ ಬರೆದ ಕಾಲದಲ್ಲಿ ಫೋನಿನ ವೈದ್ಯರು ಇರಲಿಲ್ಲ. ಹಾಗಾಗಿ ಎರಡು ಕಿಂಡಿಗಳು ಉಳಿದುಕೊಂಡವು. ವೈದ್ಯರ ಬದಲು ಔಷಧ ಬರೆದುಕೊಡುವ ಅಧಿಕಾರವಿರುವ ನರ್ಸ್ ಪ್ರಾಕ್ಟೀಷನರ್ ಅವರನ್ನು ಕೂರಿಸುವುದು ಒಂದು. ರೋಗಿ ಒಂದು ಪ್ರಾಂತ್ಯದಲ್ಲಿದ್ದರೆ, ವೈದ್ಯರನ್ನು ಇನ್ನೊಂದು ಪ್ರಾಂತ್ಯದಿಂದ ಮಾತನಾಡಿಸುವುದು ಮತ್ತೊಂದು.

ಹಣ ಕೊಡುವವರು ಶೋಕಿಗಾಗಿ ಕೊಡುತ್ತಿಲ್ಲ. 2023ರಲ್ಲಿ ಪ್ರಕಟವಾದ ‘ಅವರ್‌ಕೇರ್’ ಸಮೀಕ್ಷೆಯ ಅಂದಾಜಿನಂತೆ, ಕೆನಡಾದಲ್ಲಿ ಸುಮಾರು 65 ಲಕ್ಷ ವಯಸ್ಕರಿಗೆ ಕುಟುಂಬ ವೈದ್ಯರೇ ಇರಲಿಲ್ಲ. ಹೊಸದಾಗಿ ಬಂದಿಳಿದ ನಮ್ಮ ಹುಡುಗರಿಗೆ ಸಿಗುವುದಂತೂ ಇನ್ನೂ ಕಷ್ಟ. ಗೋದಾಮಿನಲ್ಲಿ ಗಂಟೆ ಲೆಕ್ಕದ ಕೆಲಸ ಮಾಡುವವರು ಕ್ಲಿನಿಕ್ಕಿನ ಸರದಿಯಲ್ಲಿ ಅರ್ಧ ದಿನ ಕೂತರೆ ಅಷ್ಟು ಕೂಲಿ ಹೋಯಿತು. ಮಗುವಿಗೆ ರಾತ್ರಿ ಜ್ವರ ಏರಿದಾಗ ಯಾರೂ ಕಾಯ್ದೆಯ ಕಲಂ ನೋಡುವುದಿಲ್ಲ, ಕಾರ್ಡಿನ ಸಂಖ್ಯೆ ಒತ್ತುತ್ತಾರೆ.

‘ತೆರಿಗೆಯಲ್ಲಿ ವಾಪಸ್ ಬರುತ್ತದಲ್ಲ’ ಎಂದು ಕೆಲವರು ನಮ್ಮಂಥ ಲೆಕ್ಕಪರಿಶೋಧಕರನ್ನು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ವೈದ್ಯಕೀಯ ವೆಚ್ಚದ ರಿಯಾಯಿತಿ ಆರಂಭವಾಗುವುದೇ ಖರ್ಚು ಒಂದು ಮಿತಿ ದಾಟಿದ ಮೇಲೆ. ನಿವ್ವಳ ಆದಾಯ 60,000 ಡಾಲರ್ ಇದ್ದವರಿಗೆ ಆ ಮಿತಿ ಶೇ 3ರಂತೆ 1,800 ಡಾಲರ್. ಒಂದು ಕರೆಗೆ 70 ಡಾಲರ್ ಎಂದಿಟ್ಟುಕೊಂಡರೂ ವರ್ಷಕ್ಕೆ ನಾಲ್ಕು ಕರೆಗೆ 280 ಡಾಲರ್ ಆಯಿತು. ಬೇರೆ ದೊಡ್ಡ ಖರ್ಚು ಇಲ್ಲದ ಕುಟುಂಬಕ್ಕೆ ಇದರಲ್ಲಿ ಒಂದು ಸೆಂಟ್ ಕೂಡ ವಾಪಸ್ ಬಾರದು. ಆ ಹಣ ಬಹುಪಾಲು ಊರಿಗೆ ಕಳುಹಿಸುವ ಮೊತ್ತದಲ್ಲೇ ಕಡಿಮೆಯಾಗುತ್ತದೆ.

ಕಂಪನಿಗಳ ವಾದವನ್ನೂ ಕೇಳಬೇಕು. ಒಂಟಾರಿಯೊ ಸರ್ಕಾರ 2022ರ ಡಿಸೆಂಬರ್‌ನಿಂದ, ಹಿಂದೆ ಪರಿಚಯವಿಲ್ಲದ ರೋಗಿಯನ್ನು ವಿಡಿಯೊದಲ್ಲಿ ನೋಡಿದರೆ 20 ಡಾಲರ್, ಫೋನಿನಲ್ಲಿ ಮಾತನಾಡಿದರೆ 15 ಡಾಲರ್ ಎಂದು ದರ ಇಳಿಸಿತು. ಇಷ್ಟರಲ್ಲಿ ಸೇವೆ ನಡೆಸಲಾಗದು ಎನ್ನುವುದರಲ್ಲಿ ಹುರುಳಿದೆ. ಹಾಗಿದ್ದರೆ ಸರ್ಕಾರದ ಜೊತೆ ಕೂತು ನ್ಯಾಯವಾದ ದರ ನಿಗದಿ ಮಾಡಿಸಿಕೊಳ್ಳಲಿ. ಅದರ ಕೊರತೆಯನ್ನು ರೋಗಿಯ ಜೇಬಿನಿಂದ ತುಂಬಿಸುವುದು ಪರಿಹಾರವಲ್ಲ.

ಕೇಂದ್ರ ಸರ್ಕಾರ ಒಂದು ಹೆಜ್ಜೆ ಇಟ್ಟಿದೆ. ವೈದ್ಯರು ಮಾಡಿದರೆ ಉಚಿತವಾಗುವ ಅಗತ್ಯ ಸೇವೆಯನ್ನು ನರ್ಸ್ ಪ್ರಾಕ್ಟೀಷನರ್ ಮಾಡಿದರೂ ರೋಗಿಯಿಂದ ಹಣ ಪಡೆಯುವಂತಿಲ್ಲ, 2026ರ ಏಪ್ರಿಲ್ 1ರಿಂದ ಇದು ಅನ್ವಯ ಎಂದು ಅಂದಿನ ಆರೋಗ್ಯ ಸಚಿವ ಮಾರ್ಕ್ ಹಾಲಂಡ್ 2025ರ ಜನವರಿಯಲ್ಲಿ ಪ್ರಾಂತ್ಯಗಳಿಗೆ ಪತ್ರ ಬರೆದರು. ಇದರಿಂದ ಮೊದಲ ಕಿಂಡಿ ಮುಚ್ಚುತ್ತದೆ. ಎರಡನೆಯದನ್ನೂ ಮುಚ್ಚಬೇಕು. ವೈದ್ಯರು ಎಲ್ಲಿ ಕುಳಿತು ಮಾತನಾಡಿದರೂ, ರೋಗಿ ಇರುವ ಪ್ರಾಂತ್ಯದ ನಿಯಮವೇ ಅನ್ವಯವಾಗಬೇಕು. ಬಿಲ್ಲಿನಲ್ಲಿ ನೋಡಿದವರು ಯಾರು, ಯಾವ ಸೇವೆ, ಅದು ವಿಮೆಗೆ ಸೇರುತ್ತದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿರಬೇಕು. ‘ಸೇವಾ ಶುಲ್ಕ’ ಎಂದಷ್ಟೇ ಬರೆದ ರಸೀದಿಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ, ರೋಗಿ ಏಕೆ ಒಪ್ಪಬೇಕು?

ಅಲ್ಲಿಯವರೆಗೆ ನಮ್ಮ ಕುಟುಂಬಗಳು ಮಾಡಬಹುದಾದದ್ದೂ ಇದೆ. ಒಂಟಾರಿಯೊದಲ್ಲಿ 811ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಎನ್ನದೆ ನರ್ಸ್ ಸಲಹೆ ಉಚಿತವಾಗಿ ಸಿಗುತ್ತದೆ. ರಜೆ ಚೀಟಿಯಂತಹ ವಿಮೆಗೆ ಸೇರದ ಸೇವೆಗೆ ವೈದ್ಯರು ಶುಲ್ಕ ಕೇಳಬಹುದು. ಆದರೆ ಅವನ್ನೆಲ್ಲ ಸೇರಿಸಿದ ವಾರ್ಷಿಕ ಶುಲ್ಕ ಕಡ್ಡಾಯವಲ್ಲ. ಅದನ್ನು ಕಟ್ಟಲಿಲ್ಲವೆಂದು ರೋಗಿಯನ್ನು ನೋಡದೇ ಇರುವಂತಿಲ್ಲ. ಅನುಮಾನ ಬಂದರೆ ರಸೀದಿ ಇಟ್ಟುಕೊಂಡು ಪ್ರಾಂತ್ಯದ ಆರೋಗ್ಯ ಸಚಿವಾಲಯಕ್ಕೆ ದೂರು ಕೊಡಿ. ವಸೂಲಿ ಅಕ್ರಮವೆಂದು ಕಂಡುಬಂದರೆ ಹಣ ಹಿಂದಿರುಗಿಸುವ ವ್ಯವಸ್ಥೆ ಒಂಟಾರಿಯೊದ 2004ರ ಕಾಯ್ದೆಯಲ್ಲೇ ಇದೆ.

ಊರಿನಲ್ಲಿರುವ ಹಿರಿಯರಿಗೂ ಒಂದು ಮಾತು. ಮಕ್ಕಳು ಇಲ್ಲಿಂದಲೇ ಕಾರ್ಡ್ ಉಜ್ಜಿ ನಿಮಗೆ ಆನ್‌ಲೈನ್ ವೈದ್ಯರನ್ನು ಗೊತ್ತುಮಾಡುವುದು ಈಗ ಸಾಮಾನ್ಯ. ಭಾರತದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಅಲ್ಲಿನ ವೈದ್ಯರು ಶುಲ್ಕ ಪಡೆಯಬಹುದು, ಆದರೆ ರಸೀದಿ ಕೊಡಬೇಕು. ಸರ್ಕಾರದ ಇ–ಸಂಜೀವಿನಿಯಲ್ಲಿ ಸಲಹೆ ಉಚಿತ. ಕರೆ ಮುಗಿದ ಮೇಲೆ ರಸೀದಿ ಕೇಳಿ ಪಡೆಯಿರಿ, ಮೊದಲೇ ಹೇಳಿದ ಮೊತ್ತಕ್ಕಿಂತ ಹೆಚ್ಚಿದ್ದರೆ ಕಾರಣ ಕೇಳಿ. ಹಾಗೆ ಕೇಳುವುದು ಜುಗ್ಗತನವಲ್ಲ, ಅದು ರೋಗಿಯ ಹಕ್ಕು.