ಸೋಲದ ತಂಡ, ಸೋಲದ ರಾಜ

ಈ ವಾರ ಒಂದು ಕಪ್ಪಿನ ಕಥೆ ಹೇಳುತ್ತೇನೆ. ಚಹಾ ಕುಡಿಯುವ ಕಪ್ಪಲ್ಲ, ಫುಟ್‌ಬಾಲ್ ಗೆದ್ದವರಿಗೆ ಕೊಡುವ ಕಪ್ಪು.

ಅದರ ಹೆಸರು ರೋವರ್ಸ್ ಕಪ್. 1891ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಆಗ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಎಲ್ಲವೂ ಮುಂಬೈ ಪ್ರಾಂತಕ್ಕೆ ಸೇರಿದ್ದವು. ದೇಶ ಬ್ರಿಟಿಷರದು, ಚೆಂಡು ಬ್ರಿಟಿಷರದು, ಕಪ್ಪೂ ಅವರದೇ. ಪ್ರತಿ ಸಲ ಗೆಲ್ಲುತ್ತಿದ್ದದ್ದು ಯಾವುದಾದರೊಂದು ಬ್ರಿಟಿಷ್ ಸೈನಿಕ ತಂಡ. ದಪ್ಪ ಬೂಟು, ಗಟ್ಟಿ ಮೈ, ದಿನಾ ಕವಾಯತು ಮಾಡಿದ ಕಾಲು. ನಮ್ಮವರಲ್ಲಿ ಹೆಚ್ಚಿನವರು ಆಡುತ್ತಿದ್ದದ್ದು ಬರಿಗಾಲಲ್ಲಿ.

ಬರಿಗಾಲೆಂದರೆ ಸೋಲು ಎಂದುಕೊಳ್ಳಬೇಡಿ. 1911ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ತಂಡ ಐಎಫ್‌ಎ ಶೀಲ್ಡ್ ಎಂಬ ಪಂದ್ಯಾವಳಿಯ ಫೈನಲ್‌ನಲ್ಲಿ ಬ್ರಿಟಿಷ್ ಪಡೆಯ ತಂಡವನ್ನು 2-1ರಿಂದ ಸೋಲಿಸಿತು. ಆ 11 ಜನರಲ್ಲಿ 10 ಜನ ಬರಿಗಾಲಿನವರು! ಆದರೆ ಮುಂಬೈಯ ರೋವರ್ಸ್ ಕಪ್ ಮಾತ್ರ ನಮ್ಮವರ ಕೈಗೆ ಸಿಗಲೇ ಇಲ್ಲ. 1923ರಲ್ಲಿ ಅದೇ ಮೋಹನ್ ಬಗಾನ್ ಫೈನಲ್ ತನಕ ಹೋಗಿ, ಸೋತು ಬಂತು.

ಕೊನೆಗೆ ಅದನ್ನು ಮೊದಲು ಗೆದ್ದ ಭಾರತೀಯ ತಂಡ ಯಾವುದು ಗೊತ್ತೇ? ನಮ್ಮ ಬೆಂಗಳೂರಿನದು! ಹೆಸರು ಬೆಂಗಳೂರು ಮುಸ್ಲಿಮ್ಸ್. ವರ್ಷ 1937. ಫೈನಲ್‌ನಲ್ಲಿ ಎದುರಿಗಿದ್ದದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್, ಆ ಕಾಲದ ದೊಡ್ಡ ತಂಡ. 1934ರಿಂದ ಕಲ್ಕತ್ತೆಯ ಲೀಗನ್ನು ಪ್ರತಿ ವರ್ಷ ಗೆಲ್ಲುತ್ತಿದ್ದವರು. ಬೆಂಗಳೂರಿನವರು ಅವರನ್ನು 1-0ಯಿಂದ ಸೋಲಿಸಿದರು. 46 ವರ್ಷ ಪರದೇಶದವರ ಕೈಯಲ್ಲಿದ್ದ ಕಪ್ಪು ಕನ್ನಡ ನಾಡಿಗೆ ಬಂತು. ಮರುವರ್ಷ 1938ರಲ್ಲಿ ಮತ್ತೆ ಅವರೇ ಗೆದ್ದರು. ಈ ಸಲ ಫೈನಲ್‌ನಲ್ಲಿ ಮಣ್ಣು ಮುಕ್ಕಿದ್ದು ಬ್ರಿಟಿಷ್ ರೆಜಿಮೆಂಟಿನ ತಂಡವೇ.

ಇದು ನಾಕ್‌ಔಟ್ ಪಂದ್ಯಾವಳಿ. ಅಂದರೆ ಒಮ್ಮೆ ಸೋತರೆ ಗಂಟುಮೂಟೆ ಕಟ್ಟಬೇಕು. ನಾನಿದ್ದ ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆ ಬೀಳುವ ತನಕ ಮನೆಗೆ ಹೋಗುವಂತಿರಲಿಲ್ಲ. ಇಲ್ಲಿ ತಾಳ ತಪ್ಪಿದರೆ ಅವತ್ತೇ ಮನೆಗೆ! ಎರಡು ವರ್ಷ ಕಪ್ಪು ಗೆದ್ದರು ಎಂದರೆ ಎರಡು ವರ್ಷ ಆ ಪಂದ್ಯಾವಳಿಯಲ್ಲಿ ಅವರನ್ನು ಯಾರಿಂದಲೂ ಸೋಲಿಸಲಾಗಲಿಲ್ಲ ಎಂದೇ ಅರ್ಥ.

ಬೆಂಗಳೂರಿನ ಹುಡುಗರಿಗೆ ಈ ಆಟ ಬಂದದ್ದು ದಂಡಿನ ಪ್ರದೇಶದಿಂದ. ಅಲ್ಲಿನ ಬಯಲಿನಲ್ಲಿ ಸೈನಿಕರು ಆಡುತ್ತಿದ್ದರು, ಸುತ್ತಲಿನ ಓಣಿಯ ಹುಡುಗರು ನೋಡುತ್ತಿದ್ದರು, ಆಮೇಲೆ ಆಡಿದರು, ಕೊನೆಗೆ ಕಲಿಸಿದವರನ್ನೇ ಸೋಲಿಸಿದರು. ಆಸ್ಟಿನ್ ಟೌನ್, ಗೌತಮಪುರ ಮುಂತಾದ ಕಡೆ ಇಂದಿಗೂ ಮಕ್ಕಳ ಕಾಲಲ್ಲಿ ಚೆಂಡು ಇರುತ್ತದೆ.

ಫುಟ್‌ಬಾಲಿನಲ್ಲಿ ಒಬ್ಬನೇ ಎಷ್ಟು ಓಡಿದರೂ ಆಗದು. ನಮ್ಮ ಇಳಕಲ್ಲ ಸೀರೆ ನೋಡಿ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕುತ್ತಾರೆ. ಆ ತಾಳ್ಮೆಯ ಕೆಲಸ ಆದ ಮೇಲೆಯೇ ಮೈಗೆ ಸೆರಗು ಕೂಡುವುದು. ಚೆಂಡನ್ನು ಒಬ್ಬರಿಂದೊಬ್ಬರಿಗೆ ಕೊಡುವ ಪಾಸ್ ಇದೆಯಲ್ಲ, ಅದು ತಂಡದ ಕೊಂಡಿ.

ಈಗ ನಮ್ಮ ಓಣಿಯ ಸುದ್ದಿ. ಈಚೆಗೆ ಇಲ್ಲಿನ ಹುಡುಗರು ಒಂದು ಪಂದ್ಯಾವಳಿಗೆ ಹೋಗಿ ಮೊದಲನೇ ಆಟದಲ್ಲೇ 4-0ಯಿಂದ ಸೋತು ಬಂದರು. ಗೋಲಿ ಆಗಿದ್ದ ಹುಡುಗ ಎರಡು ದಿನ ಬಯಲಿಗೆ ಬರಲಿಲ್ಲ. ಮೂರನೇ ದಿನ ನಮ್ಮ ಕಟ್ಟೆಗೆ ಬಂದು ಕುಳಿತು, "ಅಜ್ಜಾರ, ಒಮ್ಮಿನೂ ಸೋಲದ ಟೀಮ್ ಯಾವುದರ ಐತೇನ್ರಿ?" ಎಂದ. "ನೀವು ಹೋದ ಪಂದ್ಯಾವಳಿಯೊಳಗ ಎಷ್ಟು ಟೀಮ್ ಇದ್ದವೋ?" ಎಂದೆ. "16 ರೀ." "ಹಂಗಾದ್ರ ಒಟ್ಟು ಎಷ್ಟು ಆಟ ಆದವು?" ಅವನು ಬೆರಳು ಮಡಚಿ 8, 4, 2, 1 ಎಂದು ಕೂಡಿಸಿ 15 ಎಂದ.

ಸುಲಭದ ದಾರಿಯೂ ಇದೆ ಮಕ್ಕಳೇ. ಒಂದು ಆಟಕ್ಕೆ ಒಂದು ತಂಡ ಮನೆಗೆ ಹೋಗುತ್ತದೆ. ಕೊನೆಗೆ ಉಳಿಯುವುದು ಒಂದೇ. ಆದ್ದರಿಂದ 16 ತಂಡಗಳಿದ್ದರೆ 15 ಆಟ, 15 ಸೋಲು. ಗೆದ್ದ ತಂಡವೊಂದನ್ನು ಬಿಟ್ಟು ಉಳಿದವರೆಲ್ಲ ಸೋತೇ ಮನೆಗೆ ಹೋಗಬೇಕು. ಇದು ಪಂದ್ಯಾವಳಿಯ ಲೆಕ್ಕ. ಇದರಲ್ಲಿ ನಾಚಿಕೆಪಡುವುದು ಏನಿದೆ?

ಆಮೇಲೆ ಬೆಂಗಳೂರಿನವರ ಮುಂದಿನ ಕಥೆಯನ್ನೂ ಅವನಿಗೆ ಹೇಳಿದೆ. 1940ರಲ್ಲಿ ಅವರು ಮತ್ತೆ ರೋವರ್ಸ್ ಫೈನಲ್ ತಲುಪಿದರು. ಎದುರಿಗೆ ಅದೇ ಮೊಹಮ್ಮಡನ್ ಸ್ಪೋರ್ಟಿಂಗ್. ಈ ಸಲ ಕಲ್ಕತ್ತೆಯವರು ಗೆದ್ದರು. ಮೂರು ವರ್ಷದ ಹಿಂದೆ ಸೋತವರು ಸುಮ್ಮನೆ ಕುಳಿತಿರಲಿಲ್ಲ, ನೋಡಿ. ಬೆಂಗಳೂರಿನವರೂ ಅಷ್ಟೇ, ಆಟ ಬಿಡಲಿಲ್ಲ. 1948ರಲ್ಲಿ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಮೂರನೇ ಸಲ ಕಪ್ಪು ತಂದರು.

ಅದೇ 1948ರಲ್ಲಿ ಸ್ವತಂತ್ರ ಭಾರತದ ತಂಡ ಲಂಡನ್ ಒಲಿಂಪಿಕ್ಸ್‌ಗೆ ಹೋಯಿತು. ಹೆಚ್ಚಿನವರು ಅಲ್ಲಿಯೂ ಬರಿಗಾಲಲ್ಲೇ ಆಡಿದರು. ಫ್ರಾನ್ಸ್ ಎದುರು ಎರಡು ಪೆನಾಲ್ಟಿ ಕೈತಪ್ಪಿ 2-1ರಿಂದ ಸೋತರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಸೋತ ಆಟದ ಆ ಗೋಲನ್ನು ಜನ ಇಂದಿಗೂ ಮರೆತಿಲ್ಲ.

ಇಂಥ ಕಥೆಗೆ ಬೆಂಗಳೂರು, ಲಂಡನ್ ತನಕ ಹೋಗಬೇಕಾಗಿಯೂ ಇಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಗೆ ಶಾಲೆಯ ಪ್ರವಾಸದಲ್ಲಿ ನೀವು ಹೋಗಿರಬಹುದು. ಅಲ್ಲಿ ಗುಡ್ಡದ ಮೇಲೆ ಮೇಗುಟಿ ಬಸದಿ ಇದೆ. ಅದರ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿ ಎಂಬ ಕವಿ ಬರೆದ ಶಾಸನವಿದೆ. ಬಾದಾಮಿಯ ಇಮ್ಮಡಿ ಪುಲಕೇಶಿ ಗೆದ್ದ ಯುದ್ಧಗಳನ್ನೆಲ್ಲ ಅದರಲ್ಲಿ ಹೊಗಳಿದ್ದಾನೆ. ಉತ್ತರದ ಹರ್ಷವರ್ಧನನಂಥ ದೊಡ್ಡ ದೊರೆಯನ್ನೂ ದಕ್ಷಿಣಕ್ಕೆ ಬಿಡದೆ ತಡೆದವನು ಪುಲಕೇಶಿ. ಆ ಶಾಸನ ಓದಿದವರಿಗೆ ಇವನು ಸೋಲೇ ಇಲ್ಲದ ರಾಜ ಎನ್ನಿಸಬೇಕು.

ಆದರೆ ಸುಮಾರು 642ರಲ್ಲಿ ಕಂಚಿಯ ಪಲ್ಲವ ರಾಜ ನರಸಿಂಹವರ್ಮ ದಂಡೆತ್ತಿ ಬಂದು ಬಾದಾಮಿಯನ್ನೇ ಹಿಡಿದ. ಅವನೂ ಬಾದಾಮಿಯ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ. ಕಥೆ ಅಲ್ಲಿಗೂ ಮುಗಿಯಲಿಲ್ಲ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಬಾದಾಮಿಯನ್ನು ಮರಳಿ ಪಡೆದ. ಚಾಲುಕ್ಯರು ಮತ್ತೆ ಸುಮಾರು ನೂರು ವರ್ಷ ಆಳಿದರು. ಪಟ್ಟದಕಲ್ಲಿನಲ್ಲಿ ನಾವು ಕಣ್ಣರಳಿಸಿ ನೋಡುವ ವಿರೂಪಾಕ್ಷ ಗುಡಿ ಕಟ್ಟಿದ್ದು ಆ ಸೋಲಿನ ನಂತರ. 642ರಲ್ಲಿಯೇ ಕೈಚೆಲ್ಲಿ ಕುಳಿತಿದ್ದರೆ ಆ ಗುಡಿ ಎಲ್ಲಿರುತ್ತಿತ್ತು?

ಕಾಯುವುದಕ್ಕೂ ಬಹಳ ತಾಳ್ಮೆ ಬೇಕು. ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯ ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಸಲ ಗೆದ್ದಿತ್ತು. ನಾಲ್ಕನೆಯದು 1968-69ರಲ್ಲಿ. ಆಗ ನಾನು ಹೈಸ್ಕೂಲು ಹುಡುಗ. ಊರಿಗೆ ಪೇಪರು ಬಸ್ಸಿನಲ್ಲಿ ತಡವಾಗಿ ಬರುತ್ತಿತ್ತು, ಗೆದ್ದ ಸುದ್ದಿಯನ್ನು ನಾವು ಹಳಸಿದ ಮೇಲೆಯೇ ಓದಿ ಕುಣಿದೆವು. ಮುಂದಿನ ಗೆಲುವಿಗೆ ಎಷ್ಟು ಕಾಯಬೇಕಾಯಿತು ಗೊತ್ತೇ? 54 ವರ್ಷ! ನಾನು ನೌಕರಿಗೆ ಸೇರಿ, ನಿವೃತ್ತನಾಗಿ, ಅಜ್ಜನೂ ಆದ ಮೇಲೆ 2023ರ ಮಾರ್ಚಿನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ನಡುವಿನ ವರ್ಷಗಳಲ್ಲಿ ಸೋತು ಬಂದ ಎಷ್ಟೋ ತಂಡಗಳ ಹುಡುಗರ ಹೆಸರು ನಮಗೆ ಗೊತ್ತಿಲ್ಲ. ಆದರೆ ಅವರು ಆಡುತ್ತಾ ಹೋದದ್ದರಿಂದಲೇ ಆಟ ನಮ್ಮಲ್ಲಿ ಉಳಿಯಿತು.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಮೊಮ್ಮಕ್ಕಳ ಮುಂದೆ ನಾವು ಗೆದ್ದದ್ದನ್ನೇ ಹೇಳುತ್ತೇವೆ. ಪರೀಕ್ಷೆಯಲ್ಲಿ ಮೊದಲ ನಂಬರು, ಜಾತ್ರೆಯ ಕುಸ್ತಿಯಲ್ಲಿ ಬೆಳ್ಳಿ ಕಡಗ, ಎಲ್ಲವೂ ನಮ್ಮವೇ! ಕೇಳಿದ ಮಗು ತಾನೊಬ್ಬನೇ ಸೋಲುವವನು ಅಂದುಕೊಳ್ಳುತ್ತದೆ. ಸೋತದ್ದನ್ನೂ ಒಂದಿಷ್ಟು ಹೇಳೋಣ.

ಮಕ್ಕಳೇ, ನಿಮಗೆ ಈ ವಾರದ ಕೆಲಸ. ಊಟವಾದ ಮೇಲೆ ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಹಿಡಿದು ಎರಡು ಪ್ರಶ್ನೆ ಕೇಳಿ. ಚಿಕ್ಕವರಿದ್ದಾಗ ಯಾವ ಆಟದಲ್ಲಿ ಸೋತಿರಿ? ಮರುದಿನ ಆಡಲು ಹೋದಿರೋ ಇಲ್ಲವೋ? ಉತ್ತರವನ್ನು ಅರ್ಧ ಪುಟದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇನ್ನೊಂದು ಲೆಕ್ಕ: ನಾಕ್‌ಔಟ್ ಪಂದ್ಯಾವಳಿಯಲ್ಲಿ 64 ತಂಡಗಳಿದ್ದರೆ ಒಟ್ಟು ಎಷ್ಟು ಆಟ? ಬೆರಳು ಮಡಚದೆ ಹೇಳಬೇಕು!