ಪಿಗ್ಮಿಯೂ ಪಿಗ್ಗಿವೆಸ್ಟೂ

ಮೊನ್ನೆ ಆಫೀಸಿನಲ್ಲಿ ನೈಜೀರಿಯಾದ ಪಿಗ್ಗಿವೆಸ್ಟ್ ಆಪಿನ ಮಾತು ಬಂತು. ದಿನಕ್ಕೆ ಸಾವಿರ ನೈರಾದಂತೆ ವರ್ಷವಿಡೀ ಮರದ ಪೆಟ್ಟಿಗೆಯಲ್ಲಿ ಕೂಡಿಟ್ಟವಳೊಬ್ಬಳ ಟ್ವೀಟ್ ನೋಡಿ, 2016ರಲ್ಲಿ ಗೆಳೆಯರು ಸೇರಿ ಶುರುಮಾಡಿದ್ದು. ಈಗ ಲಕ್ಷಾಂತರ ಜನ ಅದರಲ್ಲಿ ದುಡ್ಡು ಕೂಡಿಡುತ್ತಾರೆ.

"ಎಂಥಾ ಹೊಸ ಐಡಿಯಾ!" ಅಂದ ಸಹೋದ್ಯೋಗಿ. ನನಗೆ ನಗು ಬಂತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲೇ ಪಿಗ್ಮಿ ತಂದಿತ್ತಲ್ಲ! ದಿನಕ್ಕೆ ಎರಡಾಣೆ, ಏಜೆಂಟರು ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿತು.

ಕುಂದಾಪುರದಲ್ಲಿ ಅಮ್ಮನ ಸಣ್ಣ ಅಂಗಡಿಗೂ ಸಂಜೆ ಪಿಗ್ಮಿಯವರು ಬರುತ್ತಿದ್ದರು. ವ್ಯಾಪಾರವಿಲ್ಲದ ದಿನ ಅಮ್ಮನ ಮುಖ ನೋಡಿಯೇ "ಇವತ್ತ್ ಬ್ಯಾಡ ಅಕ್ಕಾ, ನಾಳಿಗ್ ಕೊಡಿ" ಅನ್ನುತ್ತಿದ್ದರು. ನನ್ನ ಇಂಜಿನಿಯರಿಂಗ್ ಫೀಸಿನ ಮೊದಲ ಕಂತು ಆ ಪಿಗ್ಮಿ ದುಡ್ಡೇ.

ಕಳೆದ ವರ್ಷ ನಾನೇ ಅಮ್ಮನ ಫೋನಿಗೆ ಒಂದು ಉಳಿತಾಯದ ಆಪ್ ಹಾಕಿಕೊಟ್ಟೆ. ಆಸಾಡಿಯಲ್ಲಿ ಖಾತೆ ಬರಿದಾಗಿದ್ದ ದಿನವೂ ಅದು ದುಡ್ಡು ಎಳೆಯಹೋಯಿತು. ಮೇಲಿಂದ ಬ್ಯಾಂಕಿನ ದಂಡ ಬೇರೆ.

"ಮಗಾ, ನಿನ್ನ ಆಪಿಗೆ ಮಳೆ ಬಪ್ದ್ ಗೊತ್ತಾತ್ತಿಲ್ಯಾ?" ಅಂದರು ಅಮ್ಮ.

ಉತ್ತರ ಹೊಳೆಯಲಿಲ್ಲ...

ಆಪ್ ಬೇಡ ಅನ್ನುತ್ತಿಲ್ಲ, ನನ್ನ ಅನ್ನವೂ ಅದರದ್ದೇ. ಆದರೆ ಎರಡಾಣೆಯ ಪಿಗ್ಮಿ ಬೆಳೆದದ್ದು ಬಾಗಿಲಿಗೆ ಬಂದವರ ಮೇಲಿನ ನಂಬಿಕೆಯಿಂದ. ಕೋಡ್ ಬರೆಯುವ ನಾವು "ಇವತ್ತು ಬೇಡ, ನಾಳೆ" ಅನ್ನುವ ಒಂದು ಬಟನ್ನಾದರೂ ಇಡಬೇಕು. ಅದೂ ಕನ್ನಡದಲ್ಲಿ, ಅಮ್ಮನ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ.

ನೀವೇನಂತೀರಿ?