ಲ್ಯಾಬ್ ಕಂಪ್ಯೂಟರ್ ರಾತ್ರಿಯೆಲ್ಲಾ ಯಾಕೆ ಎಚ್ಚರ ಇರ್ಬೇಕು?

"ಬೆಳಗ್ಗೆ ಒಂದೊಂದೇ ಆನ್ ಮಾಡ್ತಾ ಕೂತ್ರೆ ಅರ್ಧ ಪೀರಿಯಡ್ ಹೋಗುತ್ತೆ, ಅದಕ್ಕೇ ಆಫ್ ಮಾಡಲ್ಲ." ಈ ಮಾತು ಕೇಳದವರು ಯಾರಿದ್ದೀರಾ? ನನ್ನ ಪ್ರಕಾರ ಇದು ಬರೀ ನೆಪ.

ಲೆಕ್ಕ ಹಾಕಿ. ಸುಮ್ನೆ ಕೂತ ಕಂಪ್ಯೂಟರ್‌ಗೆ 50 ವ್ಯಾಟ್ ಅಂತ ಇಟ್ಕೊಳ್ಳಿ. 40 ಕಂಪ್ಯೂಟರ್, 15 ಗಂಟೆ. ರಾತ್ರಿಗೆ 30 ಯೂನಿಟ್! ಬಿಲ್ ಕಟ್ಟೋ ದುಡ್ಡು ಎಲ್ಲಿಂದ ಬರುತ್ತೆ ಅಂತ ನಿಮಗೇ ಗೊತ್ತು.

ಇದಕ್ಕೆ ಪರಿಹಾರ 1990ರ ದಶಕದಿಂದಲೇ ಇದೆ: ವೇಕ್ ಆನ್ ಲ್ಯಾನ್. ಕಂಪ್ಯೂಟರ್ ಆಫ್ ಆಗಿದ್ರೂ ಅದರ ನೆಟ್‌ವರ್ಕ್ ಕಾರ್ಡ್‌ಗೆ ಚೂರು ಕರೆಂಟ್ ಸಿಗ್ತಾ ಇರುತ್ತೆ. ಅದು ಕಾಯೋದು 'ಮ್ಯಾಜಿಕ್ ಪ್ಯಾಕೆಟ್'ಗೆ. ಮೊದಲು ಎಫ್‌ಎಫ್ ಅನ್ನೋ ಬೈಟ್ 6 ಸಲ, ಆಮೇಲೆ ಆ ಕಂಪ್ಯೂಟರಿನ ಮ್ಯಾಕ್ ವಿಳಾಸ 16 ಸಲ. ಒಟ್ಟು 102 ಬೈಟ್. ಹೆಸರು ಹಿಡಿದು 16 ಸಲ ಕೂಗಿದ್ರೆ ಕುಂಭಕರ್ಣನೂ ಏಳ್ತಾನೆ!

ತೊಡಕು ಇಲ್ಲ ಅಂತಲ್ಲ. ಬಯಾಸ್‌ನಲ್ಲಿ ಪ್ರತಿ ಕಂಪ್ಯೂಟರ್‌ಗೂ ಒಂದ್ಸಲ ಸೆಟ್ಟಿಂಗ್ ಬದಲಿಸಬೇಕು. ಗೋಡೆಯ ಸ್ವಿಚ್ಚೇ ಆರಿಸಿದ್ರೆ ಯಾವ ಮ್ಯಾಜಿಕ್ಕೂ ನಡೆಯಲ್ಲ. ಸಾಮಾನ್ಯವಾಗಿ ಈ ಪ್ಯಾಕೆಟ್‌ಗೆ ಪಾಸ್‌ವರ್ಡ್ ಇರಲ್ಲ, ಅದೇ ನೆಟ್‌ವರ್ಕ್‌ನಲ್ಲಿರೋ ಯಾರು ಬೇಕಾದ್ರೂ ಎಬ್ಬಿಸಬಹುದು. ಆದ್ರೆ ಎಬ್ಬಿಸೋದು ಬೇರೆ, ಒಳಗೆ ಹೋಗೋದು ಬೇರೆ. ಲಾಗಿನ್ ಪಾಸ್‌ವರ್ಡ್ ಕಾವಲಿಗೆ ಇದ್ದೇ ಇರುತ್ತೆ.

ಬ್ರಾಡ್‌ಕಾಸ್ಟ್, ಮ್ಯಾಕ್ ವಿಳಾಸ ಅಂತ ಪರೀಕ್ಷೆಗೆ ಬಾಯಿಪಾಠ ಮಾಡೋ ನಾವು, ಅದನ್ನೇ ನಮ್ಮ ಲ್ಯಾಬಿಗೆ ಬಳಸದಿದ್ರೆ ಓದಿ ಏನು ಬಂತು? ಪೈಥಾನ್‌ನಲ್ಲಿ ಹತ್ತು ಸಾಲು ಸಾಕು. ನಾಳೆ ಲ್ಯಾಬ್ ಸರ್ ಹತ್ರ ಅನುಮತಿ ಕೇಳಿ, ಒಂದೇ ಒಂದು ಕಂಪ್ಯೂಟರ್ ಎಬ್ಬಿಸಿ ತೋರಿಸಿ.

ನಿಮ್ಮ ಲ್ಯಾಬ್ ರಾತ್ರಿ ಮಲಗುತ್ತಾ? ಕಾಮೆಂಟ್‌ನಲ್ಲಿ ಹೇಳಿ 👇